ಕರುಮತ್ತಂಪಟ್ಟಿಯಲ್ಲಿ ಬಿಷಪ್ ಆಗಿ ಆಫ್ರಿಕಾದಲ್ಲಿ ತೀರಿಕೊಂಡ ಫ್ರೆಂಚ್ ಸ್ವಾಮಿ: ಯಾರಿಗಾದರೂ ಗೊತ್ತಾ?

ತಿರುಗಾಡಿ:
ಹೋದ ತಿಂಗಳು ಬಾವನ ಜೊತೆ ತಿರುಪ್ಪೂರಿಗೆ ಹೋಗಿದ್ದೆ. ಅವನ ಅಂಗಡಿಗೆ ಬನಿಯನ್, ಟೀ ಶರ್ಟ್ ತರುವ ಕೆಲಸ. ಕೊಯಮತ್ತೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಅವಿನಾಶಿ ರಸ್ತೆ ಹಿಡಿದೆವು. ದಾರಿಯಲ್ಲಿ ಕರುಮತ್ತಂಪಟ್ಟಿ ಅಂತ ಒಂದು ಊರು. ಅಲ್ಲಿ ಜಪಮಾಲೆ ಮಾತೆಯ ದೊಡ್ಡ ಚರ್ಚು ಇದೆ. ಕಾಫಿಗೆ ನಿಲ್ಲಿಸಿದಾಗ ಅಂಗಡಿಯಾತ ಮಾತಿಗೆ ಮಾತು ಬಂದು ಹೇಳಿದ: "ಒಬ್ಬ ಫ್ರೆಂಚ್ ಸಾಮಿ ಬಿಷಪ್ ಆಗಿದ್ದು ಇದೇ ಊರಲ್ಲಿ. ಆಮೇಲೆ ಆಫ್ರಿಕಾಕ್ಕೆ ಹೋದ್ರು. ಹೋದ ಒಂದೂವರೆ ತಿಂಗಳಿಗೇ ಸತ್ತುಹೋದ್ರು."

ಇಷ್ಟೇ ಹೇಳಿ ಬೇರೆ ಗಿರಾಕಿಗೆ ಬನ್ ಕೊಡಲು ಹೋದ. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂಗೆ ಆಯ್ತು. ಕೊಯಮತ್ತೂರಿನ ಬಿಷಪ್ ಆಫ್ರಿಕಾಕ್ಕೆ ಯಾಕೆ ಹೋದರು? ಪ್ರಮೋಷನ್ನಾ, ಪನಿಶ್‌ಮೆಂಟಾ? ನಾನು ಕ್ರೈಸ್ತನಲ್ಲ, ಈ ವ್ಯವಸ್ಥೆಗಳು ನನಗೆ ಅಷ್ಟು ಅರ್ಥ ಆಗಲ್ಲ. ಗೊತ್ತಿರುವವರು ಸುಲಭವಾಗಿ ಹೇಳಿ.

ಹಳೇಕಾಗದ:
ಎರಡೂ ಅಲ್ಲ. ರಾಜೀನಾಮೆ.

ಅವರ ಹೆಸರು ಮೆಲ್ಕಿಯೋರ್ ದ ಮಾರಿಯೋನ್ ಬ್ರೆಸಿಲ್ಲಾಕ್. ಬರೆಯುವುದು ಹೀಗೆ, ಫ್ರೆಂಚರ ಬಾಯಲ್ಲಿ ಅದು 'ಬ್ರೆಜಿಯಾಕ್' ಆಗುತ್ತೆ. ನಾನು ಬ್ರೆಸಿಲ್ಲಾಕ್ ಅಂತಲೇ ಬರೆಯುತ್ತೇನೆ, ನಮ್ಮ ನಾಲಿಗೆಗೆ ಅದೇ ವಾಸಿ.

ಹುಟ್ಟಿದ್ದು 1813ರ ಡಿಸೆಂಬರ್ 2ರಂದು, ಫ್ರಾನ್ಸಿನ ದಕ್ಷಿಣದ ಕಾಸ್ಟೆಲ್‌ನೋದರಿಯಲ್ಲಿ. ಹಳೇ ಶ್ರೀಮಂತ ಮನೆತನ. ಹೆಸರು ಉಳಿದಿತ್ತು, ಆಸ್ತಿ ಕರಗಿತ್ತು. ಶಾಲೆಗೆ ಕಳಿಸದೆ ಅಪ್ಪನೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. 1838ರಲ್ಲಿ ಗುರುದೀಕ್ಷೆ ಆಯಿತು. ಹುಟ್ಟಿದೂರಿನ ಚರ್ಚಿನಲ್ಲೇ ಸಹಾಯಕ ಗುರುವಿನ ಕೆಲಸ. ಅಪ್ಪ ಅಮ್ಮ ಪಕ್ಕದಲ್ಲೇ, ಊರವರೆಲ್ಲ ಪರಿಚಯ. ಆರಾಮಾಗಿ ಇದ್ದುಬಿಡಬಹುದಿತ್ತು.

ಆದರೆ ಅವರ ತಲೆಯಲ್ಲಿ ಮಿಷನ್ ಕೂತಿತ್ತು. ಮಗ ದೂರದೇಶಕ್ಕೆ ಹೋಗುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಪ್ಯಾರಿಸ್ಸಿಗೆ ಹೊರಟ ದಿನ ಮನೆಯಲ್ಲಿ ಹೇಳದೇ ಹೊರಟರು. 27 ವರ್ಷದ ಮಗ, ಅಪ್ಪನ ಮುಖ ನೋಡಿದರೆ ಎಲ್ಲಿ ಮನಸ್ಸು ಬದಲಾಗುತ್ತೋ ಅಂತ. 1841ರಲ್ಲಿ ಪ್ಯಾರಿಸ್ ವಿದೇಶ ಮಿಷನ್ ಸೊಸೈಟಿ ಸೇರಿದರು. ಮರುವರ್ಷ ಏಪ್ರಿಲ್ 12ಕ್ಕೆ ನಾಂತ್ ಬಂದರಿನಿಂದ ಹಡಗು ಹತ್ತಿ, ಜುಲೈ 24ಕ್ಕೆ ಪುದುಚೇರಿ ಮುಟ್ಟಿದರು. ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ. ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕು, ಮೂರು ತಿಂಗಳು ಬರೀ ನೀರು.

ಮಿಕ್ಕಿದ್ದು ರಾತ್ರಿ ಬರೆಯುತ್ತೇನೆ, ಮೊಮ್ಮಗಳನ್ನು ಟ್ಯೂಷನ್ನಿಗೆ ಬಿಡಬೇಕು.

ಹೇಮಾವತಿ ದಂಡೆ:
ಪ್ಯಾರಿಸ್ ವಿದೇಶ ಮಿಷನ್ ಅಂದರೆ ನಮ್ಮ ಹಾಸನದ ಕಡೆಯವರಿಗೆ ಗೊತ್ತಿರುವ ಹೆಸರು. ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ಫೋಟೋ ನೋಡಿರುತ್ತೀರಲ್ಲ? ಗೊರೂರು ಡ್ಯಾಂ ನೀರು ತುಂಬಿದಾಗ ಅರ್ಧ ಮುಳುಗಿ ನಿಲ್ಲುತ್ತೆ. ಅದನ್ನು ಕಟ್ಟಿಸಿದ್ದು ಫ್ರೆಂಚ್ ಪಾದ್ರಿಗಳು. ಪಕ್ಕದ ಸಾತಳ್ಳಿಯಲ್ಲಿ ಅಬ್ಬೆ ದುಬೊಯ್ ಅಂತ ಇದ್ದವರು ರೈತರಿಗೆ ಊರು ಕಟ್ಟಿಕೊಟ್ಟಿದ್ದರು. ಮೈಸೂರು ಸೀಮೆಯಲ್ಲಿ 'ದೊಡ್ಡಸ್ವಾಮಿಯವರು' ಅಂತಲೇ ಅವರ ಹೆಸರು. ಸಿಡುಬಿನ ಲಸಿಕೆ ಹಾಕಿಸಿದ್ದರಲ್ಲೂ ಅವರದು ದೊಡ್ಡ ಕೈ.

ಹಳೇಕಾಗದ:
@ಹೇಮಾವತಿ ದಂಡೆ, ಒಳ್ಳೇ ಕೊಂಡಿ ಕೊಟ್ಟಿರಿ. ದುಬೊಯ್ 1823ರಲ್ಲಿ ಮೈಸೂರು ಬಿಟ್ಟು ಪ್ಯಾರಿಸ್ಸಿಗೆ ಮರಳಿದರು. ತೀರಿಕೊಂಡದ್ದು 1848ರಲ್ಲಿ. ಅಲ್ಲಿಯತನಕ ಇದ್ದದ್ದು ಅದೇ ಸೊಸೈಟಿಯ ಸೆಮಿನರಿಯಲ್ಲಿ, ಅಂದರೆ ಗುರುಗಳನ್ನು ತಯಾರು ಮಾಡುವ ಶಾಲೆಯಲ್ಲಿ, ಕೆಲ ವರ್ಷ ಅದರ ಮುಖ್ಯಸ್ಥರೂ ಆಗಿದ್ದರು. ಅಂದರೆ ಬ್ರೆಸಿಲ್ಲಾಕ್ 1841ರಲ್ಲಿ ಅಲ್ಲಿಗೆ ಕಾಲಿಟ್ಟಾಗ ಮುದುಕ ದುಬೊಯ್ ಅದೇ ಸೂರಿನಡಿ ಇದ್ದರು. ಮೂವತ್ತು ವರ್ಷ ನಮ್ಮ ದೇಶದಲ್ಲಿ ಕಳೆದು 'ಇಲ್ಲಿ ಮತಾಂತರ ಆಗದ ಮಾತು' ಅಂತ ಬರೆದವರು ಒಬ್ಬರು. ಅದೇ ದೇಶಕ್ಕೆ ಹೊರಟು ನಿಂತವರು ಇನ್ನೊಬ್ಬರು.

ಹೊರಡುವ ಮುಂಚೆ ಬ್ರೆಸಿಲ್ಲಾಕ್ ಏಕಾಂತ ಧ್ಯಾನದಲ್ಲಿ ಕೂತು ನಾಲ್ಕು ಸಂಕಲ್ಪ ಬರೆದುಕೊಂಡಿದ್ದರು. ಮನಃಪೂರ್ವಕ ಮಿಷನರಿ ಆಗಿರುವುದು ಮೊದಲನೆಯದು. ದೇವರ ಕೆಲಸದಲ್ಲಿ ಏನನ್ನೂ ಉಳಿಸಿಕೊಳ್ಳದಿರುವುದು ಎರಡನೆಯದು. ಸಿಕ್ಕ ಅವಕಾಶದಲ್ಲೆಲ್ಲ ಬೋಧನೆ ಮಾಡುವುದು ಮೂರನೆಯದು. ನಾಲ್ಕನೆಯದೇ ಅವರ ಜನ್ಮ ಹಿಡಿದದ್ದು: ತನ್ನ ಶಕ್ತಿಯನ್ನೆಲ್ಲ ಸುರಿದು ಆ ನಾಡಿನವರನ್ನೇ ಗುರುಗಳಾಗಿ ತಯಾರು ಮಾಡುವುದು. ಅಂದರೆ ಫ್ರೆಂಚ್ ಸ್ವಾಮಿಗಳ ಅಗತ್ಯವೇ ಇಲ್ಲದ ಹಾಗೆ ಮಾಡುವುದು.

ನೇರಮಾತು:
ಕ್ಷಮಿಸಿ, ಸ್ವಲ್ಪ ಖಾರವಾಗಿ ಹೇಳ್ತೀನಿ. ಬಂದದ್ದು ಮತಾಂತರಕ್ಕೆ. ಅದನ್ನು ತ್ಯಾಗ, ಸಂಕಲ್ಪ ಅಂತೆಲ್ಲ ಪಾಲಿಶ್ ಮಾಡೋದು ಯಾಕೆ? ಫ್ರೆಂಚ್ ಸ್ವಾಮಿ ಬದಲು ತಮಿಳು ಸ್ವಾಮಿ ಬಂದರೆ ಉದ್ದೇಶ ಬದಲಾಗುತ್ತಾ?

ಹಳೇಕಾಗದ:
ಉದ್ದೇಶ ಅದೇ. ಅದನ್ನು ಅವರೂ ಮುಚ್ಚಿಟ್ಟಿಲ್ಲ, ನಾನೂ ಮುಚ್ಚಿಡುವುದಿಲ್ಲ. ನಾನು ಹೇಳುತ್ತಿರುವ ಜಗಳ ಬೇರೆ. ಚರ್ಚಿನ ಒಳಗೆ ಯಜಮಾನಿಕೆ ಯಾರದು ಅನ್ನುವ ಜಗಳ ಅದು.

ರೋಮ್, ಅಂದರೆ ಪೋಪರ ಆಡಳಿತ, 1659ರಲ್ಲೇ ಮಿಷನರಿಗಳಿಗೆ ಹೇಳಿತ್ತು: ಚೀನಾಕ್ಕೆ ಹೋಗುವವರು ಫ್ರಾನ್ಸ್, ಸ್ಪೇನ್, ಇಟಲಿಗಳನ್ನು ಹೊತ್ತುಕೊಂಡು ಹೋಗಬೇಡಿ, ನಂಬಿಕೆಯನ್ನಷ್ಟೇ ಒಯ್ಯಿರಿ. ಪ್ಯಾರಿಸ್ ಮಿಷನ್ ಹುಟ್ಟಿದ್ದೇ ಸ್ಥಳೀಯ ಗುರುಗಳನ್ನು ಬೆಳೆಸಲು. ಇನ್ನೂರು ವರ್ಷ ಆದಮೇಲೂ ಬಹುತೇಕ ಕಡೆ ಬಿಳಿ ಸ್ವಾಮಿ ಕುರ್ಚಿಯಲ್ಲಿ, ಊರಿನ ಸ್ವಾಮಿ ಅವರ ಸಹಾಯಕ್ಕೆ. ಕಾಗದದ ಮೇಲೆ ಒಂದು, ನೆಲದ ಮೇಲೆ ಇನ್ನೊಂದು.

1844ರಲ್ಲಿ ಪುದುಚೇರಿಯಲ್ಲಿ ಸಿನೋದ್ ನಡೆಯಿತು. ಅಲ್ಲಿನ ಬಿಷಪ್ ಬೊನ್ನಾನ್ ಕರೆದ ಗುರುಗಳ ಸಭೆ ಅದು. ಅಲ್ಲಿ ಸ್ಥಳೀಯ ಗುರುಗಳ ವಿಷಯವೇ ಮುಖ್ಯ. ಲುಕೆ ಎಂಬ ಇನ್ನೊಬ್ಬ ಮಿಷನರಿ ಆ ವರದಿ ಹಿಡಿದು ರೋಮಿಗೆ ಹೋದರು. ಮರುವರ್ಷ ರೋಮ್ ಮತ್ತೆ ಅದನ್ನೇ ಒತ್ತಿ ಆದೇಶ ಹೊರಡಿಸಿತು. ಅಷ್ಟರಲ್ಲಿ ಬ್ರೆಸಿಲ್ಲಾಕ್ ಸೇಲಂ ಕಡೆ ತಮಿಳು ಕಲಿತು, ಪುದುಚೇರಿ ಸೆಮಿನರಿಯ ಮುಖ್ಯಸ್ಥರಾಗಿದ್ದರು. ಬಂದು ಎರಡು ವರ್ಷ ಆಗಿತ್ತಷ್ಟೇ. ಅವರಿಗೆ ಹೇಳಿಮಾಡಿಸಿದ ಕೆಲಸ. ಆದರೆ ಜಾಸ್ತಿ ದಿನ ಬಿಡಲಿಲ್ಲ, ಕೊಯಮತ್ತೂರಿಗೆ ಹಾಕಿದರು.

ಕೊಳ್ಳೇಗಾಲದವನು:
ಕೊಯಮತ್ತೂರು ಅಂದ ಕೂಡಲೇ ಬಂದೆ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆ. ನಮ್ಮ ತಾತ ಜಮೀನಿನ ವ್ಯಾಜ್ಯಕ್ಕೆ ಅಂತ ಘಟ್ಟ ಇಳಿದು ಹೋಗುತ್ತಿದ್ದರಂತೆ. ಹೋದವರು ಬರುವಾಗ ಮೊಮ್ಮಕ್ಕಳಿಗೆ ಅಂತ ಊಟಿ ವರ್ಕಿ ತರುತ್ತಿದ್ದರು ಅಂತ ಅಪ್ಪ ಈಗಲೂ ಹೇಳ್ತಾರೆ. ವಿಷಯಕ್ಕೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ತಿರುಗಾಡಿ:
ಹಹ್ಹ, ವರ್ಕಿಗೂ ಸಂಬಂಧ ಇದೆ ಬಿಡಿ ಅಣ್ಣ. ಆ ಬೇಕರಿ ಕಲೆ ತಂದವರೂ ಹೊರಗಿನವರೇ ಅಲ್ವಾ.

ಒಂದು ಅನುಮಾನ. ನೆಟ್‌ನಲ್ಲಿ ಹುಡುಕಿದರೆ ಈ ಸ್ವಾಮಿಯನ್ನು 'ಪ್ರೂಸಾದ ಬಿಷಪ್' ಅಂತ ಬರೆದಿದ್ದಾರೆ. ಇದ್ದದ್ದು ಕೊಯಮತ್ತೂರಿನಲ್ಲಿ. ಈ ಪ್ರೂಸಾ ಎಲ್ಲಿಂದ ಬಂತು?

ಹಳೇಕಾಗದ:
ಇದು ಮಜವಾದ ಪ್ರಶ್ನೆ. ಪ್ರೂಸಾ ಅಂದರೆ ಇವತ್ತಿನ ಟರ್ಕಿಯ ಬುರ್ಸಾ. ಬ್ರೆಸಿಲ್ಲಾಕ್ ಆ ಊರನ್ನು ಕಂಡೇ ಇಲ್ಲ.

ಭಾರತದಲ್ಲಿ ಬಿಷಪ್‌ಗಳನ್ನು ನೇಮಿಸುವ ಹಕ್ಕು ತನ್ನದು ಅಂತ ಪೋರ್ಚುಗಲ್ ರಾಜ ಶತಮಾನಗಟ್ಟಲೆ ಪಟ್ಟು ಹಿಡಿದಿದ್ದ. ಆತನ ಹತ್ತಿರ ಹಣವೂ ಇರಲಿಲ್ಲ, ಕಳಿಸಲು ಜನವೂ ಇರಲಿಲ್ಲ. ಹಕ್ಕು ಮಾತ್ರ ಬಿಡ. ಅದಕ್ಕೆ ರೋಮ್ ಒಂದು ಉಪಾಯ ಮಾಡಿತು. ಯಾವತ್ತೋ ಅಳಿದುಹೋದ ಹಳೇ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ನೋಡಿಕೊಳ್ಳುವ ಸೀಮೆ) ಹೆಸರಲ್ಲಿ ಒಬ್ಬರನ್ನು ಬಿಷಪ್ ಮಾಡುವುದು. ಆಮೇಲೆ 'ಪೋಪರ ಪ್ರತಿನಿಧಿ' ಅಂತ ಇಲ್ಲಿಗೆ ಕಳಿಸುವುದು. ಹೆಸರಿಗೆ ಬುರ್ಸಾ, ಕೆಲಸ ಕೊಯಮತ್ತೂರಿನಲ್ಲಿ. ಪೋರ್ಚುಗಲ್‌ಗೆ ಕೇಸು ಹಾಕಲು ಆಧಾರವೇ ಇಲ್ಲ! ಇಲ್ಲಿ ಸರಿಯಾದ ಧರ್ಮಪ್ರಾಂತ್ಯಗಳು ಆದದ್ದು 1886ರಲ್ಲಿ.

ಪುದುಚೇರಿಯ ದೊಡ್ಡ ಸೀಮೆಯನ್ನು 1845ರಲ್ಲಿ ಒಡೆದು ಕೊಯಮತ್ತೂರು ಮತ್ತು ಮೈಸೂರು ಮಾಡಿದರು. ಮೈಸೂರು ಸಿಕ್ಕಿದ್ದು ಶಾರ್ಬೊನೊ ಅವರಿಗೆ. ಕೊಯಮತ್ತೂರು ಬ್ರೆಸಿಲ್ಲಾಕ್‌ಗೆ. 1846ರ ಅಕ್ಟೋಬರ್ 4, ಭಾನುವಾರ, ಕರುಮತ್ತಂಪಟ್ಟಿಯಲ್ಲಿ ಅವರಿಗೆ ಬಿಷಪ್ ಅಭಿಷೇಕ. ಆಗೆಲ್ಲ ಅಕ್ಟೋಬರ್ ಮೊದಲ ಭಾನುವಾರ ಜಪಮಾಲೆ ಮಾತೆಯ ದಿನವಾಗಿತ್ತು. ವಯಸ್ಸು 32. ತಿರುಗಾಡಿಯವರೇ, ನೀವು ಕಾಫಿ ಕುಡಿದದ್ದು ಆ ಜಾಗದ ಆಸುಪಾಸಿನಲ್ಲೇ.

ಫ್ರೇಜರ್‌ಟೌನ್ ಹುಡುಗ:
ಶಾರ್ಬೊನೊ ಹೆಸರು ಇಲ್ಲಿ ಓದಿ ಖುಷಿ ಆಯ್ತು. ಬೆಂಗಳೂರಿನಲ್ಲಿ 1854ಕ್ಕೆ ಗುಡ್ ಶೆಫರ್ಡ್ ಸಿಸ್ಟರ್‌ಗಳನ್ನು ಕರೆಸಿದ್ದು ಅವರೇ. ಲ್ಯಾಟಿನ್-ಕನ್ನಡ ನಿಘಂಟು ಅಚ್ಚಾಗಿದ್ದೂ ಅವರ ಕಾಲದಲ್ಲಿ. 1873ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅದೇ ಸೊಸೈಟಿ, ಅದೇ ವರ್ಷದ ವಿಂಗಡಣೆ. ಒಬ್ಬರು ಕೊನೇವರೆಗೂ ಇಲ್ಲೇ ಉಳಿದರು, ಇನ್ನೊಬ್ಬರು ಬಿಟ್ಟುಹೋದರು. ಬಿಟ್ಟದ್ದು ಯಾಕೆ, ಅದನ್ನು ಹೇಳಿ ಸರ್. ಒಂದು ದಿನದಿಂದ ಕಾಯ್ತಿದೀನಿ.

ಹಳೇಕಾಗದ:
ಜಾತಿ.

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯಬೇಕು, ತಾಳ್ಮೆ ಇರಲಿ. 1606ರಲ್ಲಿ ರೊಬೆರ್ತೊ ದೆ ನೊಬಿಲಿ ಎಂಬ ಜೆಸ್ವಿಟ್ ಮದುರೈಗೆ ಬಂದರು. ಕಾವಿ ಉಟ್ಟು, ಮಾಂಸ ಬಿಟ್ಟು, ಸನ್ಯಾಸಿಯ ಹಾಗೆ ಬದುಕಿದರು. ಕ್ರೈಸ್ತರಾದವರು ಜನಿವಾರ, ಗಂಧ, ಜುಟ್ಟು ಇಟ್ಟುಕೊಳ್ಳಬಹುದು, ಅವು ಬರೀ ಸಾಮಾಜಿಕ ಗುರುತು ಅಂದರು. ಅದರ ಹಿಂದೆಯೇ ಇನ್ನೊಂದು ಬಂತು. ಮೇಲಿನ ಜಾತಿಯವರಿಗೆ ಒಬ್ಬ ಸ್ವಾಮಿ, ಹೊಲಗೇರಿಯವರಿಗೆ ಇನ್ನೊಬ್ಬ ಸ್ವಾಮಿ. ಚರ್ಚಿನಲ್ಲಿ ಬೇರೆ ಬೇರೆ ಜಾಗ. ಕೆಲವು ಕಡೆ ನಡುವೆ ಗೋಡೆ. ಪುದುಚೇರಿಯಲ್ಲಿ 1745ರಲ್ಲಿ ಆ ಗೋಡೆ ತೆಗೆದಾಗ ಮೇಲ್ಜಾತಿ ಕ್ರೈಸ್ತರು ಗಲಾಟೆ ಎಬ್ಬಿಸಿದ್ದನ್ನು ಅಲ್ಲಿನ ಫ್ರೆಂಚ್ ಗವರ್ನರ್ ಡುಪ್ಲೆಯ ದುಭಾಷಿ ಆನಂದ ರಂಗ ಪಿಳ್ಳೈ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಈ ಆಚಾರಗಳಿಗೆ 'ಮಲಬಾರ್ ವಿಧಿಗಳು' ಅಂತ ಹೆಸರು ಬಿತ್ತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಕೊನೆಯ ತೀರ್ಪು ಕೊಟ್ಟರು. ಹಲವು ಆಚಾರಗಳಿಗೆ ತಡೆ. ಅದರ ಜೊತೆಗೆ ಇಲ್ಲಿಗೆ ಬರುವ ಪ್ರತಿ ಮಿಷನರಿಯೂ ಆ ತೀರ್ಪನ್ನು ಪಾಲಿಸುತ್ತೇನೆ ಅಂತ ಪ್ರಮಾಣ ಮಾಡಬೇಕು. ಬೈಬಲ್ ಮುಟ್ಟಿ ಆಣೆ.

ಬ್ರೆಸಿಲ್ಲಾಕ್ ಕೂಡ ಆಣೆ ಮಾಡಿಯೇ ಬಂದವರು. ಬಂದು ಕಣ್ಣುಬಿಟ್ಟು ನೋಡಿದರೆ ಒಂದೊಂದು ಊರಲ್ಲಿ ಒಂದೊಂದು ಪದ್ಧತಿ. ಒಬ್ಬ ಸ್ವಾಮಿ ಬಿಟ್ಟದ್ದನ್ನು ಇನ್ನೊಬ್ಬ ತಡೆಯುತ್ತಾನೆ. ಎಲ್ಲರೂ ಅದೇ ಆಣೆ ಮಾಡಿದವರು. ನೂರು ವರ್ಷದಿಂದ ಜನ ಹೇಗೋ ಹೊಂದಿಸಿಕೊಂಡು ಹೋಗಿದ್ದರು. ಇವರಿಗೆ ಆಗಲಿಲ್ಲ. 'ನಾನು ಯಾವುದಕ್ಕೆ ಆಣೆ ಮಾಡಿದ್ದೇನೆ, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು' ಅನ್ನುವುದನ್ನು ಸ್ಪಷ್ಟವಾಗಿ ಹೇಳಿ ಅಂತ ರೋಮಿಗೆ ಪತ್ರದ ಮೇಲೆ ಪತ್ರ ಬರೆದರು. ಸ್ಪಷ್ಟ ಉತ್ತರ ಬರಲಿಲ್ಲ.

ಅದರ ಜೊತೆಗೆ ಸ್ಥಳೀಯ ಗುರುಗಳ ವಿಷಯದಲ್ಲಿ ಸ್ವಂತ ಸೊಸೈಟಿಯವರೇ ಅಡ್ಡಗಾಲು. 'ಇವರಿಗೆ ಇನ್ನೂ ಯೋಗ್ಯತೆ ಬಂದಿಲ್ಲ, ನಿಧಾನ' ಅನ್ನುವವರೇ ಜಾಸ್ತಿ. 1850ರಲ್ಲಿ ಕೊಯಮತ್ತೂರಿಗೆ ಪೂರ್ತಿ ಅಧಿಕಾರದ 'ಪೋಪರ ಪ್ರತಿನಿಧಿ' ಆದರೂ ಈ ಗಂಟು ಬಿಚ್ಚಲಿಲ್ಲ. ಕೊನೆಗೆ ತಾವೇ ರೋಮಿಗೆ ಹೋದರು. 1855ರಲ್ಲಿ ರಾಜೀನಾಮೆ ಅಂಗೀಕಾರ ಆಯಿತು. ಸೊಸೈಟಿಯನ್ನೂ ಬಿಟ್ಟರು.

ಆ ಆಣೆಯನ್ನು ರೋಮ್ ಕೈಬಿಟ್ಟದ್ದು ಯಾವಾಗ ಗೊತ್ತಾ? 1940ರಲ್ಲಿ.

ಕುಡ್ಲದ ಪೊಣ್ಣು:
ಓದ್ತಾ ಹೊಟ್ಟೆಯಲ್ಲಿ ಏನೋ ಆಯ್ತು. ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ನಮ್ಮಲ್ಲೂ ಬಾಮಣ್, ಚಾರೊಡಿ ಅಂತೆಲ್ಲ ಜಾತಿ ಇದೆ. ಇಗರ್ಜಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಬೆಂಚು ಎಲ್ಲರಿಗೂ ಒಂದೇ. ಮದುವೆ ಮಾತು ಬಂದಾಗ ಮಾತ್ರ ಹೊರಬರುತ್ತೆ.

ನನ್ನ ಅಣ್ಣನಿಗೆ ಹುಡುಗಿ ನೋಡುವಾಗ ಅಜ್ಜಿ ಮೀನು ಹೆಚ್ಚುತ್ತಾ ಕೂತಿದ್ದರು. ಹುಡುಗಿ ಹೆಸರು ಕೇಳಿದರು, ಊರು ಕೇಳಿದರು, ಅವರ ಅಜ್ಜನ ಮನೆ ಯಾವ ವಾಡೆ ಅಂತ ಕೇಳಿದರು. ಆಮೇಲೆ ಕತ್ತಿ ಕೆಳಗಿಟ್ಟು "ಬೇಡ" ಅಂದರು. ಅಷ್ಟೇ. ಕಾರಣ ಹೇಳಲಿಲ್ಲ. ಆ ವಯಸ್ಸಿಗೆ ನನಗೂ ಅರ್ಥ ಆಗಲಿಲ್ಲ, ಅಮ್ಮನಿಗೆ ಮಾತ್ರ ಅರ್ಥ ಆಗಿತ್ತು. ಅಜ್ಜಿ ದಿನಾ ಸಂಜೆ ತಪ್ಪದೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿಸುವವರು. ನಾಲ್ಕು ನೂರು ವರ್ಷ ಕಳೆದಿದೆ ಅಂತ ಇಟ್ಕೊಳ್ಳಿ. ಒಬ್ಬ ಫ್ರೆಂಚ್ ಬಿಷಪ್ ಹನ್ನೆರಡು ವರ್ಷದಲ್ಲಿ ಇದನ್ನು ಬಿಡಿಸಕ್ಕೆ ಆಗುತ್ತಿತ್ತಾ?

ನೇರಮಾತು:
ಮೇಡಂ, ನೀವು ಹೀಗೆ ನೇರ ಹೇಳಿದ್ದಕ್ಕೆ ಥ್ಯಾಂಕ್ಸ್. ನನ್ನ ವಾದವೂ ಇದೇ. ಜಾತಿ ಬಿಡಿಸ್ತೀವಿ ಅಂತ ಹೇಳಿ ಕರೆದು, ಒಳಗೆ ಗೋಡೆ ಕಟ್ಟಿ ಕೂರಿಸಿದರು. ಈ ಬಿಷಪ್ ಜಾತಿ ವಿರುದ್ಧ ಹೋರಾಡಿ ರಾಜೀನಾಮೆ ಕೊಟ್ಟಿದ್ದರೆ ಗೌರವ ಕೊಡ್ತೀನಿ.

ಹಳೇಕಾಗದ:
ಅಷ್ಟು ಸುಲಭದ ನಾಯಕನನ್ನು ನಾನು ನಿಮಗೆ ಕೊಡಲಾರೆ. ಅವರು ಜಾತಿ ವಿನಾಶದ ಹೋರಾಟಗಾರ ಅಲ್ಲ. ಜನರ ಆಚಾರಗಳನ್ನು ತಟ್ಟನೆ ಕಿತ್ತುಹಾಕಬಾರದು ಅನ್ನುವ ಕಡೆಗೂ ಅವರ ಮನಸ್ಸು ವಾಲುತ್ತಿತ್ತು. ಅವರ ತೊಳಲಾಟ ಇದ್ದದ್ದು ಆಣೆ ಒಂದು, ನಡತೆ ಇನ್ನೊಂದು ಆಗಿರುವುದರ ಬಗ್ಗೆ. ಹೊಂದಿಕೊಂಡು ಬಿಷಪ್ ಆಗಿ ಉಳಿದವರು ಬಹಳ ಜನ. 41ನೇ ವಯಸ್ಸಿಗೆ ಕುರ್ಚಿ ಬಿಟ್ಟವರು ಕಡಿಮೆ. ನನಗೆ ಅವರು ಇಷ್ಟವಾಗುವುದು ಅಷ್ಟಕ್ಕೇ.

ಇನ್ನೊಂದು ಮಾತು. ಸ್ಥಳೀಯರನ್ನು ಮೇಲೆ ಬಿಡದ ಜಗಳ ಬ್ರೆಸಿಲ್ಲಾಕ್‌ಗಿಂತ ಇನ್ನೂರು ವರ್ಷ ಹಳೆಯದು, ಅದಕ್ಕೆ ನಮ್ಮ ಬಿಜಾಪುರದ ನಂಟೂ ಇದೆ. ಮಥೇವುಸ್ ದ ಕಾಸ್ತ್ರೊ ಅಂತ ಗೋವಾದವರು, ಬ್ರಾಹ್ಮಣ ಮೂಲದವರು. ಗೋವಾದ ಪೋರ್ಚುಗೀಸ್ ಚರ್ಚ್ ಅವರಿಗೆ ಗುರುದೀಕ್ಷೆ ಕೊಡಲು ಒಪ್ಪಲಿಲ್ಲ. ಮನುಷ್ಯ ರೋಮಿಗೇ ಹೋಗಿ ಗುರುವಾದ. 1637ರಲ್ಲಿ ರೋಮ್ ಅವರನ್ನು ಬಿಷಪ್ ಮಾಡಿ ಆದಿಲ್‌ಶಾಹಿಯ ಬಿಜಾಪುರ ಸೀಮೆಗೆ ಕಳಿಸಿತು. ಪೋರ್ಚುಗೀಸರು ಸಾಯೋತನಕ ಅವರನ್ನು ಬಿಷಪ್ ಅಂತ ಒಪ್ಪಲಿಲ್ಲ. ಲ್ಯಾಟಿನ್ ವಿಧಿಯಲ್ಲಿ, ಅಂದರೆ ರೋಮಿನ ಪೂಜಾಪದ್ಧತಿಯ ಚರ್ಚಿನಲ್ಲಿ, ಒಬ್ಬ ಭಾರತೀಯ ಸರಿಯಾದ ಧರ್ಮಪ್ರಾಂತ್ಯದ ಬಿಷಪ್ ಆಗಲು 1923ರವರೆಗೆ ಕಾಯಬೇಕಾಯಿತು. ತೂತ್ತುಕುಡಿಯ ತಿಬುರ್ತಿಯುಸ್ ರೋಚ್ ಅವರು.

ಎಸ್ಟೇಟ್ ರೈಟರ್:
ಇಲ್ಲೊಂದು ಲೆಕ್ಕದ ಪ್ರಶ್ನೆ. ಹಡಗು, ಸೆಮಿನರಿ, ಚರ್ಚು, ಊಟ... ದುಡ್ಡು ಎಲ್ಲಿಂದ? ಫ್ರೆಂಚ್ ಸರ್ಕಾರದ್ದಾ?

ಫ್ರೇಜರ್‌ಟೌನ್ ಹುಡುಗ:
ಇದು ನನಗೆ ಗೊತ್ತು! ಬಹುಪಾಲು ದುಡ್ಡು ಬಡವರದ್ದು. ಲಿಯೋನ್ ಊರಿನ ಪೋಲಿನ್ ಜಾರಿಕೊ ಎಂಬ ಹುಡುಗಿ ರೇಷ್ಮೆ ಮಿಲ್ಲಿನ ಕೆಲಸದ ಹೆಣ್ಣುಮಕ್ಕಳನ್ನು ಕೂಡಿಸಿ ಶುರುಮಾಡಿದಳು. ಒಬ್ಬೊಬ್ಬರು ವಾರಕ್ಕೆ ಒಂದು ಸೂ ಕೊಡೋದು. ಅಲ್ಲಿನ ಕಾಸು ಅದು. ಹತ್ತು ಜನಕ್ಕೆ ಒಬ್ಬಳು ಮುಖ್ಯಸ್ಥೆ, ಹತ್ತು ಗುಂಪಿಗೆ ಇನ್ನೊಬ್ಬಳು. ನಮ್ಮ ಸ್ವಸಹಾಯ ಸಂಘದ ಪುಸ್ತಕದ ಹಾಗೇ! 1822ರಲ್ಲಿ ಅದು ದೊಡ್ಡ ಸಂಸ್ಥೆ ಆಯ್ತು. ಏಷ್ಯಾ, ಆಫ್ರಿಕಾ, ಅಮೆರಿಕದ ಮಿಷನ್‌ಗಳಿಗೆಲ್ಲ ಅಲ್ಲಿಂದ ಹಣ. 2022ರಲ್ಲಿ ಅವರನ್ನು 'ಧನ್ಯ' ಅಂತ ಘೋಷಿಸಿದರು.

ತಿರುಗಾಡಿ:
ಆಹಾ. ಸರಿ, ಈಗ ಆಫ್ರಿಕಾ. ಬಿಟ್ಟದ್ದು ಅರ್ಥ ಆಯ್ತು. ಮನೆಗೆ ಹೋಗಿ ಅಪ್ಪನ ಜೊತೆ ಇರಬಹುದಿತ್ತಲ್ಲ?

ಹಳೇಕಾಗದ:
ಇರಬಹುದಿತ್ತು. ಇರಲಿಲ್ಲ. 'ಎಲ್ಲರೂ ಬಿಟ್ಟಿರುವ ಜಾಗಕ್ಕೆ ನನ್ನನ್ನು ಕಳಿಸಿ' ಅನ್ನುವ ಅರ್ಥದಲ್ಲಿ ರೋಮಿಗೆ ಕೇಳಿಕೊಂಡರು. ಅವರು ಆರಿಸಿದ್ದು ದಾಹೊಮೆ, ಇವತ್ತಿನ ಬೆನಿನ್ ದೇಶ. ರೋಮ್ ಹೇಳಿತು: ಒಬ್ಬರೇ ಹೋದರೆ ನಿಮ್ಮ ಜೊತೆಗೇ ಕೆಲಸವೂ ಸಾಯುತ್ತೆ, ಮೊದಲು ಒಂದು ಸಂಸ್ಥೆ ಕಟ್ಟಿ. ಕಟ್ಟಿದರು. 1856ರ ಡಿಸೆಂಬರ್ 8ರಂದು ಲಿಯೋನ್‌ನ ಫೂರ್ವಿಯೇರ್ ಗುಡ್ಡದ ಮೇಲೆ, ಮಾತೆ ಮರಿಯಮ್ಮನ ಗುಡಿಯಲ್ಲಿ, ಬೆರಳೆಣಿಕೆಯ ಜೊತೆಗಾರರೊಂದಿಗೆ ಆಫ್ರಿಕನ್ ಮಿಷನ್ಸ್ ಸೊಸೈಟಿ ಶುರುವಾಯಿತು.

ದಾಹೊಮೆ ಅಪಾಯ ಅಂತ ರೋಮ್ 1858ರಲ್ಲಿ ಸಿಯೆರಾ ಲಿಯೋನ್ ಕೊಟ್ಟಿತು. ಬ್ರಿಟಿಷ್ ವಸಾಹತು, ಗುಲಾಮಗಿರಿಯಿಂದ ಬಿಡಿಸಿದವರು ನೆಲೆಸಿದ ಊರು, ಅಲ್ಲಿ ಸುರಕ್ಷಿತ ಅಂತ. ಈ 'ಸುರಕ್ಷಿತ' ಅನ್ನುವ ಪದ ನೆನಪಿಟ್ಟುಕೊಳ್ಳಿ.

ಮೂವರು ಮುಂಚೆ ಹೋದರು. 1859ರ ಮಾರ್ಚ್ 11ಕ್ಕೆ ಬ್ರೆಸ್ತ್ ಬಂದರಿನಿಂದ 'ದನಾಯೆ' ಎಂಬ ಹಡಗಿನಲ್ಲಿ ಬ್ರೆಸಿಲ್ಲಾಕ್ ಮತ್ತು ಇಬ್ಬರು. ಮೇ 14ಕ್ಕೆ ಫ್ರೀಟೌನ್. ಊರಲ್ಲಿ ಹಳದಿ ಜ್ವರ ಹಬ್ಬಿತ್ತು. ಹಡಗಿನ ಕಪ್ತಾನ ತನ್ನ ಜನರನ್ನು ದಡಕ್ಕೆ ಬಿಡಲಿಲ್ಲ. ಇವರಿಗೂ ಇಳಿಯಬೇಡಿ ಅಂದ. ಇಳಿದರು. ಮೊದಲು ಬಂದ ಮೂವರು ದಡದಲ್ಲಿದ್ದರಲ್ಲ!

ಜೂನ್ ತಿಂಗಳಲ್ಲಿ ಒಬ್ಬೊಬ್ಬರಾಗಿ ಹೋದರು. ಜೂನ್ 25ಕ್ಕೆ ಬ್ರೆಸಿಲ್ಲಾಕ್. ವಯಸ್ಸು 45. ಮೂರು ದಿನ ಬಿಟ್ಟು, ಅವರ ಪಕ್ಕ ಇದ್ದ ಫಾದರ್ ರೇಮೋನ್. ಆರು ಜನರಲ್ಲಿ ಒಬ್ಬ ಬ್ರದರ್ ಮಾತ್ರ ಫ್ರಾನ್ಸಿಗೆ ಮರಳಿದ್ದು. ಕಾಲಿಟ್ಟ ದಿನದಿಂದ ಲೆಕ್ಕ ಹಾಕಿದರೆ ಬಿಷಪ್ ಇದ್ದದ್ದು 42 ದಿನ. ಕಾಫಿ ಅಂಗಡಿಯವನ ಒಂದೂವರೆ ತಿಂಗಳು ಸರಿಯಾದ ಲೆಕ್ಕವೇ.

ರಾತ್ರಿಪಾಳಿ:
ನಾನು ನರ್ಸ್. ಹಳದಿ ಜ್ವರದ ಬಗ್ಗೆ ಎರಡು ಮಾತು. ಇದು ಹರಡೋದು ಈಡಿಸ್ ಈಜಿಪ್ಟೈ ಸೊಳ್ಳೆಯಿಂದ. ಹೌದು, ನಮ್ಮ ಮನೆ ಹಿಂದಿನ ಟೈರಿನಲ್ಲಿ, ಕೂಲರ್ ನೀರಲ್ಲಿ ಬೆಳೆದು ಡೆಂಗಿ ಹಚ್ಚುವ ಅದೇ ಸೊಳ್ಳೆ. ಕಚ್ಚಿದ ಮೂರರಿಂದ ಆರು ದಿನಕ್ಕೆ ಜ್ವರ, ಬೆನ್ನು ನೋವು, ವಾಂತಿ. ಒಂದು ದಿನ ಜ್ವರ ಬಿಟ್ಟ ಹಾಗೆ ಆಗುತ್ತೆ. ಮನೆಯವರು ಗಂಜಿ ಕುಡಿಸಿ ಸದ್ಯ ಉಳಿದರು ಅಂದುಕೊಳ್ತಾರೆ. ಕೆಲವರಿಗೆ ಆಮೇಲೆ ಮತ್ತೆ ಏರುತ್ತೆ. ಕಣ್ಣು ಹಳದಿ, ಕಪ್ಪು ವಾಂತಿ. ಅಲ್ಲಿಗೆ ಬಂದರೆ ಅರ್ಧದಷ್ಟು ಜನ ಉಳಿಯಲ್ಲ.

1859ರಲ್ಲಿ ಯಾರಿಗೂ ಸೊಳ್ಳೆ ಅಂತ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಅಂತ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಕೋಣೆಯಲ್ಲೇ ಕುಡಿಯುವ ನೀರಿನ ಮಡಕೆ, ಅದರಲ್ಲೇ ಮರಿಸೊಳ್ಳೆ. ಸೊಳ್ಳೆಯೇ ಅಂತ ಸಾಬೀತಾಗಿದ್ದು 1900ರಲ್ಲಿ. ಲಸಿಕೆ ಬಂದದ್ದು 1930ರ ದಶಕದಲ್ಲಿ. ನಾನು ಘಾನಾಕ್ಕೆ ಕೆಲಸಕ್ಕೆ ಹೋಗುವಾಗ ಒಂದೇ ಒಂದು ಸೂಜಿ ಹಾಕಿ, ಲಸಿಕೆಯ ದಾಖಲೆಯ ಹಳದಿ ಪುಸ್ತಕ ಕೈಗೆ ಕೊಟ್ಟರು. ತೋಳು ಎರಡು ದಿನ ನೋವು, ಅಷ್ಟೇ. ಇವತ್ತು ಈ ದಾರ ಓದಿದ ಮೇಲೆ ಕಪಾಟಿನಿಂದ ಆ ಪುಸ್ತಕ ತೆಗೆದು ಒಮ್ಮೆ ನೋಡಿದೆ.

ಕುಡ್ಲದ ಪೊಣ್ಣು:
ಆ ಅಪ್ಪನ ಕಥೆ ಏನಾಯ್ತೋ ಅಂತ ಮನಸ್ಸು ಅಲ್ಲೇ ಹೋಗ್ತಿದೆ. ಹೇಳದೇ ಹೋದ ಮಗ.

ನೇರಮಾತು:
ಒಂದು ಒಪ್ಕೋತೀನಿ. 42 ದಿನಕ್ಕೆ ಯಾರನ್ನೂ ಮತಾಂತರ ಮಾಡಿರಲಿಕ್ಕಿಲ್ಲ. ಒಂದು ಕಡೆ ರಾಜೀನಾಮೆ, ಇನ್ನೊಂದು ಕಡೆ ಸಾವು. ಹಾಗಿದ್ದರೆ ಚರ್ಚ್ ಇವರನ್ನು ಯಾಕೆ ನೆನಪಿಟ್ಟುಕೊಂಡಿದೆ? ಸೋತವರನ್ನು ಯಾವ ಸಂಸ್ಥೆ ನೆನೆಸಿಕೊಳ್ಳುತ್ತೆ?

ಹಳೇಕಾಗದ:
ಲಿಯೋನ್‌ನಲ್ಲಿ ಉಳಿದಿದ್ದವರು ಓಗುಸ್ತೆನ್ ಪ್ಲಾಂಕ್. ತತ್ವಶಾಸ್ತ್ರದ ಮೇಷ್ಟ್ರು, ಸಂಸ್ಥೆ ಹುಟ್ಟುವ ಸ್ವಲ್ಪ ಮುಂಚೆ ಸೇರಿದವರು. ಸಾವಿನ ಸುದ್ದಿ ತಲುಪಿದಾಗ ಮುಚ್ಚಿಬಿಡುವುದೇ ವಾಸಿ ಅನ್ನುವ ಪರಿಸ್ಥಿತಿ. ಅವರು ಮುಚ್ಚಲಿಲ್ಲ. 1907ರಲ್ಲಿ ಸಾಯುವವರೆಗೆ ನಡೆಸಿದರು. 1861ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆಯ ಫ್ರಾನ್ಸೆಸ್ಕೊ ಬೊರ್ಗೆರೊ ದಾಹೊಮೆಯ ವಿದಾ ಬಂದರಿಗೆ ಇಳಿದರು. ಯಾವುದನ್ನು ಅಪಾಯ ಅಂತ ರೋಮ್ ತಡೆದಿತ್ತೋ ಅಲ್ಲಿಗೇ. ಸುರಕ್ಷಿತ ಅಂತ ಕಳಿಸಿದ ಊರು ಐವರನ್ನು ನುಂಗಿತ್ತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆಫ್ರಿಕಾದ ಮತಾಂತರದ ಲೆಕ್ಕ ಹಿಡಿದರೆ ಹೇಳಿಕೊಳ್ಳುವಂಥದ್ದು ಇಲ್ಲ. ಆದರೆ ಇವತ್ತು ಕೊಯಮತ್ತೂರಿನಲ್ಲಿ, ಮೈಸೂರಿನಲ್ಲಿ, ಬೆನಿನ್‌ನಲ್ಲಿ, ನೈಜೀರಿಯಾದಲ್ಲಿ ಬಿಷಪ್ ಪೀಠದಲ್ಲಿ ಕೂತವರು ಆ ನಾಡಿನವರೇ. 'ಇವರಿಗೆ ಯೋಗ್ಯತೆ ಇಲ್ಲ' ಅಂದ ಸಹೋದ್ಯೋಗಿಗಳ ಹೆಸರು ಹೇಳಲು ನನಗೂ ಪುಸ್ತಕ ತಿರುವಬೇಕು. 2020ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಬ್ರೆಸಿಲ್ಲಾಕ್‌ರನ್ನು 'ಪೂಜ್ಯ' ಅಂತ ಸಾರಿದರು. ಸಂತ ಪದವಿಗೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲು ಅದು. ಮುಂದಿನದು 'ಧನ್ಯ', ಆಮೇಲೆ 'ಸಂತ'. ಮುಂದಿನ ಮೆಟ್ಟಿಲಿಗೆ ಒಂದು ಪವಾಡ ಬೇಕು. ನಮ್ಮ ಸರ್ಕಾರಿ ಫೈಲಿಗಿಂತ ನಿಧಾನ ಇದು.

ಫ್ರೇಜರ್‌ಟೌನ್ ಹುಡುಗ:
ನಾಡಿನವರೇ ಬಿಷಪ್ ಅಂದಿರಲ್ಲ, ಆದರೆ ಬೆಂಗಳೂರಿನಲ್ಲಿ ಕನ್ನಡದ ಸ್ವಾಮಿಗಳಿಗೆ ಎಷ್ಟು ಜಾಗ ಸಿಗುತ್ತೆ ಅನ್ನೋದನ್ನೂ ಮಾತಾಡೋಣ್ವಾ? ಯಾವ ಭಾಷೆಯಲ್ಲಿ ಪೂಜೆ, ಯಾರು...

ನಿರ್ವಾಹಕ:
ಆ ವಿಷಯಕ್ಕೆ ಬೇರೆ ದಾರ ಇದೆ, ಅಲ್ಲಿಗೇ ಹೋಗಿ ಮಾತಾಡಿ. ಹೋದ ಸಲ ಇದೇ ಮಾತು 300 ಕಾಮೆಂಟ್ ದಾಟಿ ಬಾಗಿಲು ಹಾಕಬೇಕಾಯಿತು. ಇಲ್ಲಿ ಬ್ರೆಸಿಲ್ಲಾಕ್ ಮಾತ್ರ.

ತಿರುಗಾಡಿ:
ಎಲ್ಲರಿಗೂ ಧನ್ಯವಾದ. ಹಳೇಕಾಗದ ಸರ್‌ಗೆ ವಿಶೇಷವಾಗಿ, ಮೊಮ್ಮಗಳ ಟ್ಯೂಷನ್ ನಡುವೆ ಇಷ್ಟು ಬರೆದಿದ್ದೀರಿ. ಅಕ್ಟೋಬರ್‌ನಲ್ಲಿ ಬಾವ ಮತ್ತೆ ತಿರುಪ್ಪೂರಿಗೆ ಹೊರಟಿದ್ದಾನೆ, ದೀಪಾವಳಿ ಸ್ಟಾಕಿಗೆ. ಮೊದಲ ಭಾನುವಾರವೇ ಹೋಗೋಣ ಅಂದೆ. ಈ ಸಲ ಚರ್ಚಿನ ಒಳಗೂ ಹೋಗಿ ಬರ್ತೀನಿ. ಕಾಫಿಯವನಿಗೆ 42 ದಿನ ಅಂತ ಲೆಕ್ಕ ಹೇಳಬೇಕು.

ಕೊಳ್ಳೇಗಾಲದವನು:
ಮೈಸೂರಿಂದ ಹೊರಟರೆ ದಿಂಬಂ ಘಾಟಿಯಲ್ಲಿ ರಾತ್ರಿ ಬಿಡಲ್ಲ, ನೋಡ್ಕೊಳ್ಳಿ. ಬೆಳಗ್ಗೆ ಬೇಗ ಹೊರಡಿ. ಮತ್ತೆ ಬರುವಾಗ ನನಗೆ ಅರ್ಧ ಕೆಜಿ ವರ್ಕಿ.